ಕಚ್ಚಿಟ್ಟ ರೊಟ್ಟಿ

ಗೋಶಾಬಾಗ್
12 ಜುಲೈ 2020

ಮಾಯ್ಸಾ,

ಆಸ್ಪತ್ರೆಯ ಬಾಗಿಲಲ್ಲೇ ನಿಮ್ಮ ಫೋನು ಕಿತ್ತಿಟ್ಟುಕೊಳ್ಳುತ್ತಾರಂತೆ. ಇನ್ನೇನು ಮಾಡಲಿ, ಕಾಗದ ಬರೆಯುತ್ತಿದ್ದೇನೆ. ಈರುಳ್ಳಿ ಲಾರಿಯ ಯಾಜ್‌ಗೆಲ್ದಿ ತಂದುಕೊಡುತ್ತಾನೆ. ಈಗ ಜಿಲ್ಲೆಯಿಂದ ಜಿಲ್ಲೆಗೆ ಮನುಷ್ಯರು ಹೋಗುವಂತಿಲ್ಲ, ಈರುಳ್ಳಿ ಹೋಗಬಹುದು.

ನಿಮ್ಮಪ್ಪನನ್ನು ನಿನ್ನೆ ಕರೆದುಕೊಂಡು ಹೋದರು. ಐದು ದಿನದಿಂದ ಕೆಮ್ಮು, ಜ್ವರ. ನಾನು ಯಾರಿಗೂ ಹೇಳಿರಲಿಲ್ಲ. ಆದರೆ ಕೆಮ್ಮಿಗೆ ಗೋಡೆ ಅಡ್ಡ ಬರುತ್ತದೆಯೇ? ಬೆಳಿಗ್ಗೆ ಪೊಲೀಸಿನ ಇಲ್ಮಿರಾತ್ ಬಂದ, ಜೊತೆಗೆ ಕಣ್ಣು ಮಾತ್ರ ಕಾಣುವಂತೆ ಬಿಳಿ ಬಟ್ಟೆ ಸುತ್ತಿಕೊಂಡ ಇಬ್ಬರು.

"ಏನಪ್ಪಾ ಇದೆಲ್ಲ?" ಅಂದೆ.

"ಧೂಳು, ಅಜ್ಜಿ. ಈ ವರ್ಷ ಧೂಳು ಜಾಸ್ತಿ. ಅದಕ್ಕೇ ಕೆಮ್ಮು."

"ಧೂಳಿಗೆ ಮೂರು ಜನ ಯಾಕೆ ಬಂದ್ರಿ? ಒಂದು ಪೊರಕೆ ತಂದಿದ್ರೆ ಸಾಕಿತ್ತಲ್ಲ."

ನಿಮ್ಮಪ್ಪ ನಕ್ಕುಬಿಟ್ಟರು. "ಬೇಜಾರು ಮಾಡ್ಕೋಬೇಡ ಕಣಪ್ಪಾ, ಯಾಶ್ಮಕ್ ಬಿಟ್ಟಾಗಿಂದ ಇವಳು ಹೀಗೇ" ಅಂದರು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಮಾವನ ಮುಂದೆ ತಲೆವಸ್ತ್ರದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಒಂಬತ್ತು ವರ್ಷ ಒಂದು ಮಾತಾಡದೆ ಬದುಕಿದವಳು ನಾನು. ನಿಮ್ಮಜ್ಜಿ ಸಾಕು ಬಿಡು ಎಂದ ದಿನದಿಂದ ಬಾಯಿ ಮುಚ್ಚಿಲ್ಲ ಎನ್ನುವುದು ಅವರ ತಮಾಷೆ. ಈಗ ನೋಡು, ಅದೇ ವಸ್ತ್ರದ ತುದಿಯನ್ನು ಬೀದಿಯಲ್ಲಿ ಬಾಯಿಗೆ ಕಟ್ಟಿಕೊಳ್ಳಬೇಕೆಂದು ಆಜ್ಞೆಯಾಗಿದೆ. ಅದೂ ಧೂಳಿಗೇ ಅಂತೆ. ಇಲ್ಮಿರಾತ್ ನನ್ನನ್ನು ಅಜ್ಜಿ ಅನ್ನುತ್ತಾನೆ, ಅವನ ತಾಯಿಗಿಂತ ನಾನು ಎರಡೇ ವರ್ಷ ದೊಡ್ಡವಳು.

ಹೊರಡುವಾಗ ನಿಮ್ಮಪ್ಪ ಹೊಸ್ತಿಲಲ್ಲಿ ನಿಂತು ರೊಟ್ಟಿ ಕೇಳಿದರು. ಬೆಳಿಗ್ಗೆ ತಂದೂರಿನಿಂದ ತೆಗೆದದ್ದಿತ್ತು, ಕೊಟ್ಟೆ. ಒಂದು ತುತ್ತು ಕಚ್ಚಿ ನನ್ನ ಕೈಗೆ ವಾಪಸ್ ಇಟ್ಟರು. "ಉಳಿದದ್ದು ಬಂದು ತಿಂತೀನಿ" ಅಂದರು. ಕಚ್ಚಿಟ್ಟ ರೊಟ್ಟಿ ಹೋದವರನ್ನು ಮನೆಗೆ ಎಳೆದು ತರುತ್ತದಲ್ಲ, ಬಾಗಿಲ ಮೇಲಿನ ಮೊಳೆಗೆ ನೇತುಹಾಕಿದ್ದೇನೆ. ಫೆಬ್ರವರಿಯಲ್ಲಿ ನೀನು ಕೆಲಸಕ್ಕೆ ಹೊರಟಾಗಲೂ ರೊಟ್ಟಿ ಹಿಡಿದು ನಿಂತಿದ್ದೆ. ಬಸ್ಸಿಗೆ ಹೊತ್ತಾಯಿತು, ಇದೆಲ್ಲ ಯಾಕಮ್ಮ ಎಂದು ಕಚ್ಚದೆ ಹೋದೆ. ಡಾಕ್ಟರಮ್ಮ ಅಲ್ಲವೇ ನೀನು. ಅದನ್ನು ನಾನು ಮರೆತಿಲ್ಲ.

ನಿನ್ನ ನದಿದಂಡೆ ಆಸ್ಪತ್ರೆಗೇ ಒಯ್ದಿದ್ದಾರಂತೆ. ಹುಡುಕು. ಅವರಿಗೆ ಹಸಿರು ಚಹಾ ಬಿಸಿಯಾಗಿರಬೇಕು. ಬೇಗ ಬರೆ.

ನಿನ್ನ ಅಮ್ಮ
ಓಗುಲ್‌ನಬಾತ್


ನದಿದಂಡೆ ಆಸ್ಪತ್ರೆ
19 ಜುಲೈ 2020

ಅಮ್ಮ,

ಅಪ್ಪ ಸಿಕ್ಕಿದರು. ಎರಡನೇ ಮಹಡಿಯಲ್ಲಿದ್ದಾರೆ, ನನ್ನ ಕೆಲಸ ಮೊದಲನೆಯದರಲ್ಲಿ. ಮೇಲೆ ಹೋಗಲು ಎರಡು ಸಲ ಮಾತ್ರ ಬಿಟ್ಟರು. ಮೂಗಿಗೆ ಆಮ್ಲಜನಕದ ಕೊಳವೆ ಇದೆ, ಆದರೂ ಎದ್ದು ಕೂರುತ್ತಾರೆ. ಚಹಾ ತಣ್ಣಗಿದೆ ಎಂದು ನರ್ಸ್ ಜೊತೆ ಜಗಳ.

ಗಾಜಿನಾಚೆಯಿಂದ "ಅಮ್ಮ ಏನಂತಾಳೆ?" ಎಂದು ಕೇಳಿದರು. "ಪೊರಕೆ ಸಾಕಿತ್ತು ಅಂದ್ಲಂತೆ" ಅಂದೆ. ಎಷ್ಟು ನಕ್ಕರೆಂದರೆ ಕೆಮ್ಮು ಹತ್ತು ನಿಮಿಷ ನಿಲ್ಲಲಿಲ್ಲ. "ಪೇಷಂಟನ್ನ ನಗಿಸೋಕೆ ಬಂದ್ಯಾ?" ಎಂದು ನರ್ಸ್ ನನಗೆ ಬೈದರು. ರೊಟ್ಟಿ ಮೊಳೆಯಲ್ಲೇ ಇದೆಯಾ, ಪಕ್ಕದ ತಾಜೆಗುಲ್ ಮನೆಯ ಬೆಕ್ಕು ಎಳೆದುಕೊಂಡು ಹೋಗಿಲ್ಲವಾ ಎಂದೂ ಕೇಳಿದರು.

ಒಂದು ಮಾತು ಕೇಳು. ಜಗತ್ತೆಲ್ಲ ಹೇಳುತ್ತಿರುವ ಆ ರೋಗದ ಹೆಸರನ್ನು ಕಾಗದದಲ್ಲಿ ಬರೆಯಬೇಡ, ಬೀದಿಯಲ್ಲಿ ಹೇಳಬೇಡ. ಇಲ್ಲಿ ನಾವೂ ಹೇಳುವುದಿಲ್ಲ. ನಾವು ಐದು ವಾರದಿಂದ ಮನೆಗೆ ಹೋಗಿಲ್ಲ, ಇಲ್ಲೇ ಬೆಂಚಿನ ಮೇಲೆ ಮಲಗುತ್ತೇವೆ, ಆದರೂ ಆ ಪದ ಹೇಳುವುದಿಲ್ಲ. ಗಾಳಿ ಶುದ್ಧವಾಗಲು ಮನೆಮನೆಯಲ್ಲಿ ಯುಜಾರ್ಲಿಕ್ ಸೊಪ್ಪಿನ ಹೊಗೆ ಹಾಕಿ ಎಂದು ಸರ್ಕಾರದವರು ಹೇಳಿದರೆ ಹಾಕು. ವಾದ ಬೇಡ.

ನಿನ್ನ
ಮಾಯ್ಸಾ


ಗೋಶಾಬಾಗ್
4 ಆಗಸ್ಟ್ 2020

ಮಾಯ್ಸಾ,

ಹದಿನಾರು ದಿನದಿಂದ ನಿನ್ನ ಕಾಗದವಿಲ್ಲ. ಯಾಜ್‌ಗೆಲ್ದಿ ನಾಲ್ಕು ಸಲ ಬಂದು ಹೋದ. ಪ್ರತಿ ಸಲವೂ ತಲೆ ತಗ್ಗಿಸಿಕೊಂಡು ಈರುಳ್ಳಿ ತುಂಬಿದ. ಆಗಲೇ ನನಗೆ ಅರ್ಥವಾಗಬೇಕಿತ್ತು.

ನಿಮ್ಮಪ್ಪ ಇಲ್ಲ. ನಿನಗೆ ಗೊತ್ತಿರಬೇಕು. ಜುಲೈ ಮೂವತ್ತೊಂದಕ್ಕೆ ಹೋದರಂತೆ, ನನಗೆ ಹೇಳಿದ್ದು ನಿನ್ನೆ. ಇಲ್ಮಿರಾತ್ ಅಂಗಳದಾಚೆ ನಿಂತು, ಒಂದು ಕಾಗದ ಹಿಡಿದು ಓದಿದ. ಹೃದಯ ದೌರ್ಬಲ್ಯದಿಂದ ಮರಣ.

ನಾನು ಅಳಲಿಲ್ಲ ಕಣೇ. ಮೊದಲು ಸಿಟ್ಟು ಬಂತು. ಮೂವತ್ತು ವರ್ಷ ತೇಲುಸೇತುವೆಯ ಮೇಲೆ ದುರಸ್ತಿಗೆ ಸುತ್ತಿಗೆ ಹಿಡಿದು ನಡೆದ ಮನುಷ್ಯನಿಗೆ ಹೃದಯ ದೌರ್ಬಲ್ಯವೇ?

"ಸರಿ, ಹೃದಯ ಅಂತ ಒಪ್ಪೋಣ. ಮನೆಗೆ ತನ್ನಿ. ಅವರ ತಮ್ಮಂದಿರಿದಾರೆ, ಮುಲ್ಲಾ ಇದಾರೆ, ತೊಳೆದು ಮಣ್ಣು ಮಾಡ್ತಾರೆ" ಅಂದೆ.

"ಆಗಲ್ಲ ಅಜ್ಜಿ. ಮಣ್ಣು ಆಗಿದೆ. ಅಲ್ಲೇ, ಊರಾಚೆ."

"ಯಾಕೆ? ಹೃದಯ ಅಂಟುತ್ತಾ?"

"ನಿಯಮ."

"ಯಾವ ರೋಗಕ್ಕೆ ಮಾಡಿದ ನಿಯಮ?"

"ರೋಗ ಇಲ್ಲ ಅಜ್ಜಿ. ನಿಯಮ ಮಾತ್ರ ಇದೆ."

ಪಾಪ, ಅವನು ತಮಾಷೆ ಮಾಡಲಿಲ್ಲ. ಮುಖ ನೋಡಿದರೆ ತಾನು ಅಂದದ್ದು ಅವನಿಗೇ ಕೇಳಿಸಿದಂತಿರಲಿಲ್ಲ.

ಎಲ್ಲಿ ಮಣ್ಣು ಮಾಡಿದ್ದೀರಿ ಎಂದೆ. ಗೋರಿಗೆ ನಂಬರ್ ಇದೆಯಂತೆ. ಮರಣದ ಕಾರಣವನ್ನು ಒಪ್ಪಿದ್ದೇನೆ, ಬೇರೆ ಯಾವ ತಕರಾರೂ ಇಲ್ಲ ಎಂದು ಸಹಿ ಹಾಕಿದರೆ ಮಾತ್ರ ಆ ಕಾಗದವನ್ನೂ ನಂಬರನ್ನೂ ಕೊಡುತ್ತಾರಂತೆ. ಇಲ್ಲವಾದರೆ ಇಲ್ಲ. ಕಾಗದವನ್ನು ಕೈಗೂ ಕೊಡಲಿಲ್ಲ, ದೂರದಿಂದಲೇ ತೋರಿಸಿ ಮಡಚಿಕೊಂಡ.

ಸಹಿ ಹಾಕಲಿಲ್ಲ. ಹಾಕುವುದೂ ಇಲ್ಲ. ಮೂರನೇ ದಿನದ ಊಟ ಗೊತ್ತಿಲ್ಲದೆಯೇ ಕಳೆಯಿತು. ಏಳನೇ ದಿನದ್ದಕ್ಕೆ ಜನ ಸೇರುವಂತಿಲ್ಲ. ನಲವತ್ತನೇ ದಿನ ಸೆಪ್ಟೆಂಬರ್ ಎಂಟಕ್ಕೆ ಬರುತ್ತದೆ. ಅಷ್ಟರೊಳಗೆ ಅವರು ಎಲ್ಲಿ ಮಲಗಿದ್ದಾರೆ ಎಂದು ನನಗೆ ಗೊತ್ತಾಗಬೇಕು, ಏನಾಯಿತೆಂದು ನಿಜ ಬರೆದ ಕಾಗದವೂ ಬೇಕು.

ನೀನು ಅಲ್ಲೇ ಇದ್ದೀಯ. ಒಂದು ಸಾಲಾದರೂ ಬರೆ.

ಅಮ್ಮ


ಗೋಶಾಬಾಗ್
6 ಆಗಸ್ಟ್ 2020

ಪ್ರಾಂತ್ಯದ ಆರೋಗ್ಯ ಇಲಾಖೆಯ ಮುಖ್ಯಸ್ಥರಿಗೆ,

ನಾನು ಓಗುಲ್‌ನಬಾತ್, ತೇಲುಸೇತುವೆಯ ನಿವೃತ್ತ ಕೆಲಸಗಾರ ಹೋಜಾನಜರ್ ಅವರ ಹೆಂಡತಿ. ನನ್ನ ಗಂಡ ಹೃದಯ ದೌರ್ಬಲ್ಯದಿಂದ ಸತ್ತರೆಂದು ನೀವು ಬರೆದಿದ್ದೀರಿ. ಹೃದಯದ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲವೆಂದು ನನ್ನ ಮಗಳು ಓದಿದ ವೈದ್ಯದ ಪುಸ್ತಕದಲ್ಲಿದೆ, ಆ ಪುಸ್ತಕ ಈಗಲೂ ನಮ್ಮ ಮನೆಯಲ್ಲಿದೆ. ಹಾಗಿದ್ದ ಮೇಲೆ ಹೆಣವನ್ನು ನಮಗೆ ಕೊಡಬೇಕಿತ್ತು. ಹೆಣ ಕೊಡಲಾಗದಂಥ ಕಾಯಿಲೆ ಅದಾಗಿದ್ದರೆ ಅದರ ಹೆಸರು ಬರೆಯಬೇಕಿತ್ತು. ಎರಡರಲ್ಲಿ ಒಂದನ್ನು ಕೊಡಿ. ಎರಡನ್ನೂ ನೀವೇ ಇಟ್ಟುಕೊಳ್ಳುವುದು ನ್ಯಾಯವಲ್ಲ.

ಗೋರಿಯ ನಂಬರ್ ಕೊಡಲು ಸಹಿ ಯಾಕೆ ಬೇಕು ಎಂಬುದನ್ನೂ ತಿಳಿಸಿ.

ಓಗುಲ್‌ನಬಾತ್


ಪ್ರಾಂತ್ಯದ ಆರೋಗ್ಯ ಇಲಾಖೆ
17 ಆಗಸ್ಟ್ 2020

ನಾಗರಿಕರಾದ ಓಗುಲ್‌ನಬಾತ್ ಅವರಿಗೆ,

ತಮ್ಮ ಮನವಿಯನ್ನು ಗಮನವಿಟ್ಟು ಪರಿಶೀಲಿಸಲಾಗಿದೆ. ನಮ್ಮ ದೇಶದಲ್ಲಿ ತಾವು ಸೂಚಿಸಿರುವಂತಹ ಯಾವುದೇ ಅಂಟುರೋಗ ದಾಖಲಾಗಿರುವುದಿಲ್ಲ. ಆದಕಾರಣ ಅದರಿಂದ ಮರಣವೂ ಸಂಭವಿಸಿರುವುದಿಲ್ಲ. ಸಂಚಾರ, ಸಭೆ ಹಾಗೂ ಅಂತ್ಯಸಂಸ್ಕಾರದ ಮೇಲಿನ ನಿರ್ಬಂಧಗಳು ನಾಗರಿಕರ ಉತ್ತಮ ಆರೋಗ್ಯವನ್ನು ಇನ್ನಷ್ಟು ಉತ್ತಮಗೊಳಿಸುವ ಉದ್ದೇಶದಿಂದ ಜಾರಿಯಲ್ಲಿರುತ್ತವೆ.

ದಾಖಲಾಗದ ರೋಗದ ಬಗ್ಗೆ ಲಿಖಿತವಾಗಿ ಅಥವಾ ಮೌಖಿಕವಾಗಿ ಅನುಮಾನ ವ್ಯಕ್ತಪಡಿಸುವುದು ವದಂತಿ ಹಬ್ಬಿಸುವ ಅಪರಾಧವಾಗಿರುತ್ತದೆ. ತಮ್ಮ ವಯಸ್ಸನ್ನು ಪರಿಗಣಿಸಿ ಈ ಬಾರಿ ಕ್ರಮ ಕೈಗೊಂಡಿಲ್ಲ.

ತಮ್ಮ ಪುತ್ರಿ ಸರ್ಕಾರಿ ವೈದ್ಯೆಯಾಗಿರುವುದನ್ನು ಇಲಾಖೆ ಗಮನಿಸಿದೆ.

ಸಹಿ, ಮೊಹರು


ಗೋಶಾಬಾಗ್
20 ಆಗಸ್ಟ್ 2020

ಮಾಯ್ಸಾ,

ಇಲಾಖೆಯವರ ಉತ್ತರ ಬಂತು. ಉತ್ತಮ ಆರೋಗ್ಯವನ್ನು ಇನ್ನಷ್ಟು ಉತ್ತಮಗೊಳಿಸಲು ನಿಮ್ಮಪ್ಪನನ್ನು ನನಗೆ ಹೇಳದೆ ಹೂಳಿದ್ದಾರೆ. ನೀನು ಸರ್ಕಾರಿ ವೈದ್ಯೆ ಎಂಬುದನ್ನು ಗಮನಿಸಿದ್ದಾರಂತೆ. ಓದಿಕೊಂಡು, ನದಿ ದಾಟಿ ನಾನೇ ಅಲ್ಲಿಗೆ ಬರುತ್ತೇನೆಂದು ಸೇತುವೆಗೆ ನಡೆದೆ. ಮುಂದೇನು ಎಂದು ಯೋಚಿಸಿರಲಿಲ್ಲ. ಕಾಲು ನಿಲ್ಲಲಿಲ್ಲ, ಅಷ್ಟೇ.

ತಡೆಗಂಬದ ಹತ್ತಿರ ಸಿಪಾಯಿ ಕೈ ಅಡ್ಡ ಹಿಡಿದ. "ಈ ಸೇತುವೆ ಬೋಲ್ಟೆಲ್ಲ ಬಿಗಿ ಮಾಡಿದ್ದು ನನ್ನ ಗಂಡ ಕಣಪ್ಪಾ" ಅಂದೆ.

"ಹಾಗಾದ್ರೆ ಅವರನ್ನ ಕರ್ಕೊಂಡು ಬನ್ನಿ, ಬಿಡ್ತೀನಿ" ಅಂದ.

"ಅವರನ್ನ ಕರ್ಕೊಂಡು ಬರೋಕೇ ಹೋಗ್ತಿರೋದು."

ಅವನು ಮುಖ ಆಚೆ ತಿರುಗಿಸಿದ. ಕೈ ಮಾತ್ರ ಕೆಳಗಿಳಿಸಲಿಲ್ಲ. ನನ್ನ ಪಕ್ಕದಲ್ಲೇ ಯಾಜ್‌ಗೆಲ್ದಿಯ ಲಾರಿ ದಾಟಿ ಹೋಯಿತು. ಬಿಸಿಲಿಗೆ ತಲೆ ಸುತ್ತುವವರೆಗೂ ಅಲ್ಲೇ ನಿಂತಿದ್ದು ಮನೆಗೆ ಬಂದೆ. ತಾಜೆಗುಲ್ ಬೇಲಿಯ ಮೇಲಿಂದ "ಸಹಿ ಹಾಕಿಬಿಡೆ, ಸತ್ತವರಿಗೆ ಯಾವ ಹೆಸರಾದರೇನು" ಅಂದಳು. ಅವಳ ಮೇಲೂ ರೇಗಿದೆ. ಈಗ ಅವಳೂ ಮಾತಾಡಿಸುತ್ತಿಲ್ಲ.

ನಿನ್ನನ್ನು ಒಂದೇ ಒಂದು ಕೆಲಸ ಕೇಳುತ್ತೇನೆ. ಆ ಕಾಗದಕ್ಕೆ ಯಾರೋ ಒಬ್ಬ ಡಾಕ್ಟರ್ ಸಹಿ ಹಾಕಿರಬೇಕಲ್ಲ. ನಿನ್ನ ಜೊತೆ ಊಟ ಮಾಡುವವರೇ, ಅಲ್ಲವೇ? ಯಾರೆಂದು ಪತ್ತೆ ಮಾಡು. ಮುಖ ನೋಡಿ ಕೇಳು. ಎದ್ದು ಕೂತು ಚಹಾ ಕೇಳುತ್ತಿದ್ದ ಮನುಷ್ಯ ಉಸಿರು ಸಿಕ್ಕದೆ ಸತ್ತದ್ದನ್ನು ಕಣ್ಣಾರೆ ನೋಡಿ ಹೃದಯ ಎಂದು ಬರೆಯಲು ಆ ಕೈ ಹೇಗೆ ಬಂತು? ಆ ಕೈಗೆ ಈ ಜನ್ಮದಲ್ಲಿ ರೊಟ್ಟಿ ಮುಟ್ಟದಿರಲಿ. ನಾನು ಯಾರಿಗೂ ಕೆಟ್ಟದ್ದು ಬಯಸಿದವಳಲ್ಲ, ಇದನ್ನು ಮನಸಾರೆ ಬಯಸುತ್ತೇನೆ.

ಅಮ್ಮ


ನದಿದಂಡೆ ಆಸ್ಪತ್ರೆ
29 ಆಗಸ್ಟ್ 2020

ಅಮ್ಮ,

ಆ ಕೈ ನನ್ನದು.

ಇದನ್ನು ಬರೆಯಲು ಒಂದು ತಿಂಗಳು ಬೇಕಾಯಿತು. ಜುಲೈ ಇಪ್ಪತ್ತೆಂಟಕ್ಕೆ ಎರಡನೇ ಮಹಡಿಯ ವೈದ್ಯೆ ತಾನೇ ಕಾಯಿಲೆ ಬಿದ್ದಳು, ನನ್ನನ್ನು ಮೇಲೆ ಹಾಕಿದರು. ಮೂರು ದಿನ ಅಪ್ಪನ ಜೊತೆಗಿದ್ದೆ. ಅಷ್ಟರ ಮಟ್ಟಿಗೆ ಅದೃಷ್ಟ. ಕೊನೆಗೆ ಮಾತಾಡಲು ಆಗುತ್ತಿರಲಿಲ್ಲ. ಮೂವತ್ತೊಂದರ ಬೆಳಿಗ್ಗೆ ಹನ್ನೊಂದಕ್ಕೆ ಹೋದರು.

ತೊಳೆಯದೆ ಕಳಿಸಲಿಲ್ಲ ಅಮ್ಮ. ನಾನು ಮಗಳು, ಅದು ನನ್ನ ಕೆಲಸವಲ್ಲವೆಂದು ಗೊತ್ತು. ಗಂಡಸರು ಯಾರೂ ಇರಲಿಲ್ಲ. ಚೀಲ ಮುಚ್ಚುವ ಮೊದಲು ಎರಡು ಬಾಟಲಿ ನೀರಲ್ಲಿ ಮುಖ, ಕೈ, ಕಾಲು ತೊಳೆದೆ. ನನಗೆ ಬಂದಷ್ಟು ಪ್ರಾರ್ಥನೆ ಹೇಳಿದೆ, ಮಧ್ಯೆ ತಪ್ಪಿತು, ಮತ್ತೆ ಮೊದಲಿಂದ ಹೇಳಿದೆ.

ಆಮೇಲೆ ಮುಖ್ಯ ವೈದ್ಯರು ಕಾಗದಗಳ ಕಟ್ಟು ತಂದಿಟ್ಟರು. ಅವತ್ತು ಆರು ಜನ.

"ಬರಿ" ಅಂದರು.

"ಇವರು ನಮ್ಮಪ್ಪ" ಅಂದೆ.

ಒಂದು ಕ್ಷಣ ನನ್ನ ಮುಖ ನೋಡಿದರು. "ಹಾಗಿದ್ರೆ ಒಳ್ಳೇದೇ ಆಯ್ತು. ಅವರ ಹೃದಯ ವೀಕ್ ಅಂತ ನಿಂಗೇ ಚೆನ್ನಾಗಿ ಗೊತ್ತಿರುತ್ತೆ" ಅಂದರು.

ಬರೆದೆ. ಹೆದರಿಕೆಗೆ ಬರೆದೆ. ಬರೆಯದೆ ಜಗಳವಾಡಿದ ಒಬ್ಬ ನರ್ಸನ್ನು ವದಂತಿ ಹಬ್ಬಿಸಿದಳೆಂದು ಕರೆದುಕೊಂಡು ಹೋಗಿದ್ದರು, ಅವಳು ಎಲ್ಲಿದ್ದಾಳೆಂದು ಇನ್ನೂ ಯಾರಿಗೂ ಗೊತ್ತಿಲ್ಲ. ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅಪ್ಪನಿಗಿಂತ ಮೊದಲು ನಲವತ್ತಮೂರು ಜನರಿಗೆ ಇದೇ ಕೈಯಲ್ಲಿ ಹೃದಯ ಎಂದು ಬರೆದಿದ್ದೆ. ಆಗ ಒಂದು ಸಲವೂ ಪೆನ್ನು ಕೆಳಗಿಡಲಿಲ್ಲ. ಅವರಿಗೂ ಹೆಂಡತಿ ಮಕ್ಕಳಿದ್ದರು. ನಿನ್ನಂತೆ ಯಾರಾದರೂ ಕೇಳುತ್ತಾರೆ ಎಂದು ಕಾಯುತ್ತಿದ್ದೆನೋ ಏನೋ, ಯಾರೂ ಕೇಳಲಿಲ್ಲ.

ಇದರ ಜೊತೆ ಇನ್ನೊಂದು ಕಾಗದ ಇಟ್ಟಿದ್ದೇನೆ. ಅದೇ ನಮೂನೆ, ಆಸ್ಪತ್ರೆಯ ಮೊಹರು, ನನ್ನ ಪೂರ್ತಿ ಹೆಸರು, ಸಹಿ. ಅಪ್ಪನಿಗೆ ಏನಾಗಿತ್ತೋ ಅದನ್ನೇ ಬರೆದಿದ್ದೇನೆ, ಆ ಪದವನ್ನೇ. ನೀನು ಕೇಳಿದ್ದು ಇದೇ ತಾನೇ? ರಾಜಧಾನಿಗೆ ಕಳಿಸು, ಹೊರದೇಶದವರಿಗೆ ಕೊಡು, ಇಲ್ಮಿರಾತ್ ಮುಖಕ್ಕೆ ಹಿಡಿ. ನನಗೇನಾದರೂ ಆಗಲಿ. ಗೋರಿಯ ನಂಬರ್ ಮುಖ್ಯ ವೈದ್ಯರ ಕಪಾಟಿನಲ್ಲಿದೆ, ನನಗೆ ಸಿಗಲಿಲ್ಲ.

ನಿನ್ನ ಶಾಪ ತಪ್ಪಲ್ಲ. ಹಿಂದಕ್ಕೆ ತೆಗೆದುಕೋ ಎಂದು ಕೇಳುವುದಿಲ್ಲ.

ಮಾಯ್ಸಾ


ಗೋಶಾಬಾಗ್
4 ಸೆಪ್ಟೆಂಬರ್ 2020

ಪ್ರಾಂತ್ಯದ ಆರೋಗ್ಯ ಇಲಾಖೆಯ ಮುಖ್ಯಸ್ಥರಿಗೆ,

ಆಗಸ್ಟ್ ಆರರ ನನ್ನ ಮನವಿಯನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ನನ್ನ ಗಂಡ ಹೋಜಾನಜರ್ ಅವರಿಗೆ ಮೊದಲಿನಿಂದಲೂ ಹೃದಯ ದೌರ್ಬಲ್ಯ ಇತ್ತು. ದುಃಖದಲ್ಲಿ ಏನೇನೋ ಬರೆದೆ. ಮರಣದ ಕಾರಣವನ್ನು ಒಪ್ಪಿ ಸಹಿ ಹಾಕಿದ್ದೇನೆ. ನನಗೆ ಯಾವ ತಕರಾರೂ ಇಲ್ಲ. ನನ್ನ ಮಗಳಿಗೆ ಈ ಮನವಿಯ ವಿಷಯವೇ ಗೊತ್ತಿರಲಿಲ್ಲ.

ಗೋರಿಗೆ ಹೋಗಿ ಬರಲು ಸೆಪ್ಟೆಂಬರ್ ಎಂಟರ ಒಂದು ದಿನಕ್ಕೆ ಅನುಮತಿ ಕೊಡಬೇಕೆಂದು ಬೇಡಿಕೊಳ್ಳುತ್ತೇನೆ.

ಓಗುಲ್‌ನಬಾತ್


ಗೋಶಾಬಾಗ್
9 ಸೆಪ್ಟೆಂಬರ್ 2020

ಮಾಯ್ಸಾ,

ಸಹಿ ಹಾಕಿದೆ. ಹಲ್ಲಲ್ಲಿ ವಸ್ತ್ರದ ತುದಿ ಕಚ್ಚಿಕೊಂಡು ಹೋಗಿದ್ದೆ, ಹೊಸ ಸೊಸೆಯಾಗಿದ್ದಾಗ ಕಚ್ಚಿಕೊಳ್ಳುತ್ತಿದ್ದಂತೆ. ಬಿಟ್ಟರೆ ಏನಾದರೂ ಅಂದುಬಿಡುತ್ತಿದ್ದೆ. ಇಲ್ಮಿರಾತ್ ಪೆನ್ನು ಕೊಡುತ್ತಾ "ಏನಜ್ಜಿ, ಇವತ್ತು ಮಾತೇ ಇಲ್ಲ?" ಅಂದ. ಬಾಯಿ ತೋರಿಸಿದೆ. "ಧೂಳಾ?" ಅಂದ. ತಲೆಯಾಡಿಸಿದೆ. ಅವನಿಗೆ ಸಮಾಧಾನವಾಯಿತು, ಕುರ್ಚಿ ಎಳೆದು ಕೂರಿಸಿದ.

ಹೃದಯ ಎಂದು ಬರೆದ ಆ ಕಾಗದ ಕೈಗೆ ಬಂತು. ಹೆಸರಿನ ಕೊನೆಗೆ ಉದ್ದ ಗೆರೆ ಎಳೆಯುವುದು ಶಾಲೆಯಿಂದಲೂ ನಿನ್ನ ಚಾಳಿ. ನೀನು ಬರೆಯದೆ ಇದ್ದರೂ ಅವತ್ತು ಗೊತ್ತಾಗುತ್ತಿತ್ತು.

ನೀನು ಕಳಿಸಿದ ಇನ್ನೊಂದು ಕಾಗದವನ್ನು ಒಂದು ವಾರ ಹಿಟ್ಟಿನ ಚೀಲದಲ್ಲಿ ಇಟ್ಟಿದ್ದೆ. ಇದಕ್ಕಾಗಿ ಒಂದು ತಿಂಗಳು ಊರೆಲ್ಲ ಜಗಳವಾಡಿದೆ, ಸೇತುವೆಯಲ್ಲಿ ನಿಂತೆ, ತಾಜೆಗುಲ್ ಸ್ನೇಹ ಕಳೆದುಕೊಂಡೆ. ಕೈಗೆ ಬಂದಾಗ ನೋಡುತ್ತೇನೆ, ಮೇಲೆ ಅಪ್ಪನ ಹೆಸರು, ಕೆಳಗೆ ನಿನ್ನ ಹೆಸರು. ಯಾರಿಗೆ ತೋರಿಸಲಿ? ತೋರಿಸಿದ ಮರುದಿನ ನಿನ್ನನ್ನು ಕರೆದೊಯ್ಯುತ್ತಾರೆ, ಆಮೇಲೆ ನಿನಗೂ ಹೃದಯ ಎಂದು ಒಂದು ಕಾಗದ ಬರುತ್ತದೆ. ಆಗ ಅದಕ್ಕೆ ಸಹಿ ಹಾಕುವುದೂ ನಾನೇ. ಎಷ್ಟು ಚೆನ್ನಾಗಿ ಕಟ್ಟಿದ್ದಾರೆ ನೋಡು. ನಿಜ ಬೇಕೆಂದರೆ ಮಗಳನ್ನು ಕೊಡಬೇಕು. ನನಗೆ ಸಿಟ್ಟಿದೆ ಮಾಯ್ಸಾ, ನಿನ್ನ ಮೇಲೂ, ಅವರ ಮೇಲೂ, ಸಹಿ ಹಾಕಿದ ನನ್ನ ಮೇಲೂ.

ನಿನ್ನೆ ನಸುಕಿನಲ್ಲಿ ಬಾಗಿಲು ಹಾಕಿ, ಮೊಳೆಯ ಕೆಳಗೆ ನಿಂತು, ನಿನ್ನ ಕಾಗದವನ್ನು ಒಂದು ಸಲ ಗಟ್ಟಿಯಾಗಿ ಓದಿದೆ. ಆ ಪದವನ್ನೂ ಓದಿದೆ. ನಿಮ್ಮಪ್ಪನಿಗೆ ಹೇಳಬೇಕಿತ್ತು, ಹೇಳಿದೆ. ಆಮೇಲೆ ಅದೇ ಕಾಗದದಿಂದ ತಂದೂರು ಹೊತ್ತಿಸಿ ನಲವತ್ತನೇ ದಿನದ ರೊಟ್ಟಿ ಬೇಯಿಸಿದೆ.

ಅನುಮತಿ ಸಿಕ್ಕಿತು. ಯಾಜ್‌ಗೆಲ್ದಿಯ ಪಕ್ಕ ಕೂತು ಸೇತುವೆ ದಾಟಿದೆ. ಅದೇ ಸಿಪಾಯಿ ಇದ್ದ, ಕಾಗದ ನೋಡಿ ಕೈ ಇಳಿಸಿದ. ಊರಾಚೆ ಬೇಲಿ ಹಾಕಿದ ಜಾಗ, ಸಾಲುಸಾಲು ಮಣ್ಣಿನ ದಿಬ್ಬ, ಕಬ್ಬಿಣದ ಕಡ್ಡಿಗೆ ನಂಬರಿನ ತಗಡು. ಅವರದ್ದು ನೂರ ತೊಂಬತ್ತೆರಡು. ಅದರಾಚೆಗೂ ತುಂಬಾ ಇದ್ದವು, ಎಣಿಸಲಿಲ್ಲ. ಅಷ್ಟೂ ಜನರಿಗೆ ಹೃದಯವೇ ವೀಕ್ ಇತ್ತು ಎಂದಾಯಿತು. ಕಚ್ಚಿಟ್ಟ ರೊಟ್ಟಿಯನ್ನು ಒಯ್ದಿದ್ದೆ. ಒಣಗಿ ಕಲ್ಲಾಗಿತ್ತು. ಪುಡಿ ಮಾಡಿ ದಿಬ್ಬದ ಮೇಲೆ ಹಕ್ಕಿಗಳಿಗೆ ಹಾಕಿದೆ.

ಬರುವಾಗ ನಿನ್ನ ಆಸ್ಪತ್ರೆಯ ಮುಂದೆ ಯಾಜ್‌ಗೆಲ್ದಿ ಲಾರಿ ನಿಧಾನ ಮಾಡಿದ. ಕಿಟಕಿಗಳಿಗೆಲ್ಲ ಸುಣ್ಣ ಬಳಿದಿದ್ದಾರೆ. ನಿನ್ನದು ಯಾವುದೆಂದು ಗೊತ್ತಾಗಲಿಲ್ಲ.

ನೀನು ಮಾಡಿದ್ದನ್ನು ನಾನು ಕ್ಷಮಿಸಿಲ್ಲ. ಕ್ಷಮಿಸಲು ಆ ನಲವತ್ತಮೂರು ಮನೆಯವರನ್ನೂ ಕೇಳಬೇಕಾಗುತ್ತದೆ. ಆದರೆ ನಿಮ್ಮಪ್ಪನ ಮೈ ತೊಳೆದದ್ದೂ ಅದೇ ಕೈ. ಯಾರು ಕೇಳಿದರೂ ಅಪ್ಪನಿಗೆ ಹೃದಯ ಎನ್ನು. ಇನ್ನೊಮ್ಮೆ ಅಂಥ ಕಾಗದ ಬರೆಯಬೇಡ, ಇದನ್ನೂ ಓದಿ ಸುಟ್ಟುಬಿಡು. ಸರ್ಕಾರ ಹೇಳುವುದನ್ನೇ ನಿನಗೆ ನಾನೂ ಹೇಳುವಂತಾಯಿತು, ಅದೇ ನನಗೆ ತಡೆಯಲಾಗದ್ದು.

ಆ ಕೈಗೆ ರೊಟ್ಟಿ ಮುಟ್ಟದಿರಲಿ ಎಂದು ಬರೆದಿದ್ದೆ. ನಿನ್ನೆ ಬೇಯಿಸಿದ್ದರಲ್ಲಿ ಒಂದನ್ನು ಯಾಜ್‌ಗೆಲ್ದಿಯ ಕೈಲಿ ಕಳಿಸುತ್ತಿದ್ದೇನೆ. ಪೂರ್ತಿ ತಿನ್ನಬೇಡ. ಒಂದು ತುತ್ತು ಕಚ್ಚಿ ಅವನ ಕೈಲೇ ವಾಪಸ್ ಕಳಿಸು. ಮೊಳೆ ಖಾಲಿ ಇದೆ.

ಅಮ್ಮ